ಸೂರಿನ ಹಲಗೆ ಕೊಳೆತಾಗ: ಬದಲಿಸುವ ಬಗೆ, ಜೋಡಿಸುವ ಕ್ರಮ

ಮಂಗಳೂರು: ಹಂಚಿನ ಮನೆಯಲ್ಲಿ ಮಳೆಗೆ ಎಲ್ಲಕ್ಕಿಂತ ಹೆಚ್ಚು ಮೈಯೊಡ್ಡುವ ಮರದ ಭಾಗ ಬಾಗಿಲೂ ಅಲ್ಲ, ಕಿಟಕಿಯೂ ಅಲ್ಲ. ಅದು ಸೂರಿನ ಅಂಚಿಗೆ ಉದ್ದಕ್ಕೂ ಹೊಡೆದಿರುವ ಹಲಗೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ. 30 ಅಡಿ ಉದ್ದ, 15 ಅಡಿ ಅಗಲದ ನೆಲವನ್ನು ಮುಚ್ಚುವ ಮಾಡಿನ ಒಂದು ಇಳಿಜಾರಿನಿಂದ ಒಂದು ವರ್ಷದಲ್ಲಿ ಇಳಿಯುವ ನೀರು ಸುಮಾರು 1.45 ಲಕ್ಷ ಲೀಟರ್. ಅಷ್ಟೂ ನೀರು ಈ ಹಲಗೆಯ ತಲೆಯ ಮೇಲಿಂದಲೇ ಹಾದುಹೋಗಬೇಕು.

ಆದರೂ ಮನೆ ದುರಸ್ತಿಯ ಪಟ್ಟಿಯಲ್ಲಿ ಈ ಹಲಗೆಗೆ ಸಿಗುವುದು ಕೊನೆಯ ಸ್ಥಾನ. ಬಣ್ಣ ಎದ್ದರೆ ಇನ್ನೊಂದು ಬಣ್ಣ ಬಳಿಯಲಾಗುತ್ತದೆ. ತುದಿ ಕೊಳೆತರೆ ಅದರ ಮೇಲೊಂದು ತಗಡು ಹೊಡೆಯಲಾಗುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕೊಳೆ ಹಲಗೆಯನ್ನು ದಾಟಿ ಮಾಡನ್ನು ಹೊತ್ತ ಮರಗಳಿಗೆ ಹಬ್ಬಿರುತ್ತದೆ. ಆಗ ಎರಡು ದಿನದ ಬಡಗಿ ಕೆಲಸವು ಇಡೀ ಮಾಡು ಬಿಚ್ಚುವ ಕೆಲಸವಾಗಿ ಬೆಳೆಯುತ್ತದೆ.

ಗಮನಿಸಬೇಕಾದ ಸಂಗತಿ ಒಂದಿದೆ. ಸೂರಿನ ಹಲಗೆ ನಡುಭಾಗದಲ್ಲಿ ಕೆಡುವುದು ಕಡಿಮೆ. ಅದು ಕೆಡಲಾರಂಭಿಸುವುದು ಎರಡು ಹಲಗೆಗಳು ಕೂಡುವ ಸಂದಿನಲ್ಲಿ ಮತ್ತು ಮನೆಯ ಮೂಲೆಯಲ್ಲಿ. ಆದುದರಿಂದ ಹಲಗೆಯನ್ನು ಬದಲಿಸುವುದೆಂದರೆ ಹೊಸ ಮರ ತಂದು ಹೊಡೆಯುವುದಷ್ಟೇ ಅಲ್ಲ, ಸಂದನ್ನು ಸರಿಯಾಗಿ ಕೂರಿಸುವುದೇ ಅದರ ಮುಖ್ಯ ಭಾಗ.

ಹಲಗೆಯ ಕೆಲಸವೇನು?

ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಈ ಭಾಗದ ಮನೆಗಳ ಮಾಡಿನ ಸ್ವರೂಪವೇ ಬದಲಾಯಿತು. ಗೋಡೆಯಿಂದ ಹೊರಕ್ಕೆ ಚಾಚಿದ ಇಳಿಜಾರು ಮರಗಳು ಪಕ್ಕಾಸುಗಳು. ಅವುಗಳ ಮೇಲೆ ಅಡ್ಡಲಾಗಿ ಹೊಡೆದ ಪಟ್ಟಿಗಳು ರೀಪುಗಳು. ರೀಪಿಗೆ ಕೊಕ್ಕೆಯಂತೆ ಸಿಕ್ಕಿಕೊಂಡು ಹಂಚು ನಿಲ್ಲುತ್ತದೆ. ಪಕ್ಕಾಸುಗಳ ಹೊರತುದಿಗಳನ್ನೆಲ್ಲ ಒಂದೇ ಸಾಲಿನಲ್ಲಿ ಹಿಡಿದಿಡುವುದು ಸೂರಿನ ಹಲಗೆ. ಗುತ್ತಿಗೆದಾರರ ಅಂದಾಜುಪಟ್ಟಿಯಲ್ಲಿ ಇದು ‘ಈವ್ಸ್ ಬೋರ್ಡ್’ ಎಂದೂ, ಹೊಸ ಮನೆಗಳ ನಕ್ಷೆಯಲ್ಲಿ ‘ಫೇಸಿಯಾ’ ಎಂದೂ ಕಾಣಿಸುತ್ತದೆ.

ಇದರ ಉಪಯೋಗಗಳು ನಾಲ್ಕು. ಮೊದಲನೆಯದಾಗಿ, ಪಕ್ಕಾಸುಗಳ ಕತ್ತರಿಸಿದ ತುದಿಗಳನ್ನು ಮಳೆಯಿಂದ ಮರೆಮಾಡುತ್ತದೆ. ಎರಡನೆಯದಾಗಿ, ಆ ತುದಿಗಳು ಅತ್ತಿತ್ತ ತಿರುಚದಂತೆ ತಡೆಯುತ್ತದೆ. ಮೂರನೆಯದಾಗಿ, ಕೊನೆಯ ಸಾಲಿನ ಹಂಚಿಗೆ ಆಸರೆಯಾಗುತ್ತದೆ. ನಾಲ್ಕನೆಯದಾಗಿ, ನೀರು ಸಾಗಿಸುವ ದೋಣಿ ಇರುವ ಮನೆಗಳಲ್ಲಿ ಅದರ ಭಾರವನ್ನು ಹೊರುತ್ತದೆ. ಸಾಮಾನ್ಯವಾಗಿ ಇದರ ದಪ್ಪ 1 ಇಂಚು, ಅಗಲ 6ರಿಂದ 9 ಇಂಚು.

ಕೆಡುವುದೇಕೆ?

ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ನೀರಿನಂಶ ಬೇಕು. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯದು. ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗುವ ಹಲಗೆ ದೀರ್ಘಕಾಲ ಬಾಳುವುದೂ, ನೀರು ನಿಂತ ಸಂದಿನಲ್ಲಿ ಒಣಗಲಾರದ ಹಲಗೆ ಬೇಗನೆ ಹಾಳಾಗುವುದೂ ಈ ಕಾರಣದಿಂದಲೇ.

ಮರದ ಎಳೆಗಳು ಸಣ್ಣ ಕೊಳವೆಗಳ ಕಟ್ಟಿನಂತೆ ಉದ್ದಕ್ಕೂ ಸಾಗಿರುತ್ತವೆ. ಹಲಗೆಯನ್ನು ಅಡ್ಡ ಕತ್ತರಿಸಿದಾಗ ಆ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ಹಲಗೆಯ ಮುಖ ಹೀರುವುದಕ್ಕಿಂತ ಹಲವು ಪಟ್ಟು ವೇಗವಾಗಿ ಈ ಕತ್ತರಿಸಿದ ತುದಿ ನೀರನ್ನು ಹೀರುತ್ತದೆ. ಎರಡು ಹಲಗೆಗಳನ್ನು ಮೂತಿಗೆ ಮೂತಿ ತಾಗಿಸಿ ಮೊಳೆ ಹೊಡೆದರೆ ಇಂತಹ ಎರಡು ತುದಿಗಳು ಎದುರುಬದುರಾಗುತ್ತವೆ. ನಡುವಿನ ಕೂದಲೆಳೆಯ ಅಂತರದಲ್ಲಿ ನೀರು ನಿಲ್ಲುತ್ತದೆ. ಬಣ್ಣ ಬಳಿಯುವವರ ಕುಂಚ ಆ ಅಂತರದೊಳಕ್ಕೆ ಹೋಗುವುದಿಲ್ಲ.

ಇನ್ನುಳಿದ ಕಾರಣಗಳೂ ಇವೆ. ಕೊನೆಯ ಸಾಲಿನ ಹಂಚು ಹಲಗೆಯಿಂದ ಸಾಕಷ್ಟು ಹೊರಚಾಚದಿದ್ದರೆ ನೀರು ಹಲಗೆಯ ಹಿಂಬದಿಗೆ ಜಾರುತ್ತದೆ. ದೋಣಿಯಲ್ಲಿ ತರಗೆಲೆ ತುಂಬಿದರೆ ನೀರು ಹಿಮ್ಮುಖವಾಗಿ ಉಕ್ಕುತ್ತದೆ. ಗೋಡೆಯ ಮೇಲೇರಿ ಬಂದ ಗೆದ್ದಲು ಒದ್ದೆ ಮರವನ್ನು ಹುಡುಕಿಕೊಳ್ಳುತ್ತದೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಹಲಗೆಯ ಅಡಿಯಂಚಿನಲ್ಲಿ ಬೆರಳು ಹೋಗುವಷ್ಟು ದುಂಡನೆಯ ತೂತು ಮಾಡುತ್ತದೆ. ಕಾರಣವನ್ನು ಪತ್ತೆ ಮಾಡದೆ ಹಲಗೆಯನ್ನು ಮಾತ್ರ ಬದಲಿಸಿದರೆ ಹೊಸ ಹಲಗೆಗೂ ಅದೇ ಗತಿ.

ಪರೀಕ್ಷೆ ಹೀಗೆ

ಏಣಿ ಹತ್ತಿ ಸ್ಕ್ರೂಡ್ರೈವರಿನ ತುದಿಯಿಂದ ಹಲಗೆಯನ್ನು ಅಡಿಗೊಂದರಂತೆ ಚುಚ್ಚಿ ನೋಡಬೇಕು. ಸಂದುಗಳಲ್ಲಿ, ಮೂಲೆಗಳಲ್ಲಿ, ದೋಣಿಯ ಕೊಂಡಿಗಳ ಸುತ್ತ ಹಾಗೂ ಮೇಲಂಚಿನಲ್ಲಿ ವಿಶೇಷವಾಗಿ ನೋಡತಕ್ಕದ್ದು. ಗಟ್ಟಿ ಮರದಲ್ಲಿ ತುದಿ ಇಳಿಯುವುದಿಲ್ಲ. ಕಾಲು ಇಂಚಿಗಿಂತ ಆಳಕ್ಕೆ ಸುಲಭವಾಗಿ ಇಳಿದರೆ ಅಲ್ಲಿ ಕೊಳೆ ಇದೆ. ಬಣ್ಣ ನೆಟ್ಟಗೆ ಕಂಡರೂ ಅದರ ಹಿಂದೆ ಮರವೇ ಇಲ್ಲದಿರುವ ಸಂದರ್ಭಗಳಿವೆ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಬರುವ ಟೊಳ್ಳು ಸದ್ದು ಅದನ್ನು ತಿಳಿಸುತ್ತದೆ.

ಕೊಳೆ ತುದಿಯ ಒಂದೆರಡು ಅಡಿಗೆ ಸೀಮಿತವಾಗಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ತುಂಡು ಕೂಡಿಸಬಹುದು. ಕಣ್ಣಿಗೆ ಕಾಣುವ ಕೊಳೆಯ ಆಚೆಗೂ ಶಿಲೀಂಧ್ರದ ಎಳೆಗಳು ಹಬ್ಬಿರುವುದರಿಂದ ಒಂದಡಿಯಷ್ಟು ಗಟ್ಟಿ ಮರವನ್ನೂ ಸೇರಿಸಿ ತೆಗೆಯುವುದು ಸುರಕ್ಷಿತ. ಒಂದೇ ಹಲಗೆಯಲ್ಲಿ ಮೂರು ಕಡೆ ಕೊಳೆ ಕಂಡರೆ ಇಡೀ ಹಲಗೆಯನ್ನು ಬದಲಿಸುವುದೇ ಲೇಸು. ತೇಪೆ ಹೆಚ್ಚಿದಷ್ಟೂ ಸಂದುಗಳು ಹೆಚ್ಚುತ್ತವೆ.

ಯಾವ ಮರ?

ಸಾಗುವಾನಿ, ಹೆಬ್ಬಲಸು, ಹಲಸು, ಬೋಗಿ ಇವು ಈ ಕೆಲಸಕ್ಕೆ ಹೆಸರಾದ ಮರಗಳು. ಯಾವ ಜಾತಿಯೇ ಆಗಲಿ, ತಿರುಳಿನ ಭಾಗ ಮಾತ್ರ ಮಳೆಗೆ ನಿಲ್ಲುತ್ತದೆ. ತೊಗಟೆಯ ಸಮೀಪದ ಬಿಳಿ ಭಾಗವು ಸಾಗುವಾನಿಯದೇ ಆದರೂ ಬೇಗ ಕೊಳೆಯುತ್ತದೆ. ಮಿಲ್ಲಿನಲ್ಲಿ ಹಲಗೆಯ ಎರಡೂ ಅಂಚುಗಳನ್ನು ನೋಡಿ, ಬಿಳಿ ಪಟ್ಟಿ ಇರುವುದನ್ನು ಬಿಡಬೇಕು.

ಹಸಿ ಮರವನ್ನು ಕೂರಿಸಿದರೆ ಅದು ಒಣಗುವಾಗ ಅಗಲದಲ್ಲಿ ಕುಗ್ಗಿ ಬಾಗುತ್ತದೆ, ಸಂದು ಬಾಯಿ ಬಿಡುತ್ತದೆ. ಗಾಳಿಯಲ್ಲಿ ಒಣಗಿಸುವುದಾದರೆ ಪ್ರತಿ ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಹಳೆಯ ಮನೆ ಕೆಡವಿದಲ್ಲಿ ಸಿಗುವ ತೊಲೆ, ಪಕ್ಕಾಸುಗಳನ್ನು ಕೊಯ್ಯಿಸಿ ಹಲಗೆ ಮಾಡಿಸಿಕೊಳ್ಳುವುದು ಉತ್ತಮ ಉಪಾಯ. ಅದು ಚೆನ್ನಾಗಿ ಒಣಗಿದ ಮರ. ಮೊಳೆಗಳನ್ನು ಮಾತ್ರ ಪೂರ್ತಿ ತೆಗೆದಿರಬೇಕು. ಸ್ವಂತ ಜಾಗದ ಮರವನ್ನು ಕಡಿಸುವ ಯೋಚನೆಯಿದ್ದಲ್ಲಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಅಗತ್ಯವೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಮರದ ಪ್ರಮಾಣದ ಲೆಕ್ಕ ಸುಲಭ. 30 ಅಡಿ ಉದ್ದ, 8 ಇಂಚು ಅಗಲ, 1 ಇಂಚು ದಪ್ಪದ ಹಲಗೆಗೆ ಬೇಕಾಗುವುದು ಸುಮಾರು 1.67 ಘನ ಅಡಿ. ಕೀಸುವಿಕೆ, ಓರೆ ಕತ್ತರಿಸುವಿಕೆಗಳಲ್ಲಿ ಹೋಗುವ ಪಾಲಿಗೆಂದು ಶೇ. 10 ಸೇರಿಸಿದರೆ 1.85 ಘನ ಅಡಿಯಷ್ಟು ತರಿಸಿದರೆ ಸಾಕು. ಬಡಗಿಯೊಡನೆ ಮಾತುಕತೆಗೆ ಕೂರುವ ಮೊದಲು ಈ ಲೆಕ್ಕ ಮನೆಯವರಿಗೂ ಗೊತ್ತಿರುವುದು ಒಳ್ಳೆಯದು.

ಕಾಲ ಮತ್ತು ಎಚ್ಚರಿಕೆ

ಮಳೆ ಪೂರ್ತಿ ನಿಂತು ಮರ ಒಣಗಿರುವ ಜನವರಿಯಿಂದ ಏಪ್ರಿಲ್ ವರೆಗಿನ ಅವಧಿ ಈ ಕೆಲಸಕ್ಕೆ ಪ್ರಶಸ್ತ. ತುಳುನಾಡಿನಲ್ಲಿ ಪತ್ತನಾಜೆಗೆ ಮುನ್ನ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಮಾಡಿನ ಕೆಲಸಗಳನ್ನು ಮುಗಿಸಿಕೊಳ್ಳುವುದು ಜಾಣತನ. ಹಂಚು ಕೈಯಾಡಿಸುವ ವರ್ಷವೇ ಹಲಗೆಯ ಕೆಲಸವನ್ನೂ ಇಟ್ಟುಕೊಂಡರೆ ಹಂಚು ಇಳಿಸುವ ಕೂಲಿ ಎರಡು ಬಾರಿ ತೆರಬೇಕಾಗಿಲ್ಲ.

ಸೂರಿನ ಕೆಲಸದಲ್ಲಿ ನಿಜವಾದ ಅಪಾಯವಿರುವುದು ಎತ್ತರದಲ್ಲಿ. 10 ಅಡಿಯಿಂದ ಬಿದ್ದರೂ ಬೆನ್ನುಮೂಳೆ ಮುರಿಯಬಹುದು. ಒಂಟಿ ಏಣಿಯ ಮೇಲೆ ನಿಂತು 10 ಅಡಿಯ ಹಲಗೆಯನ್ನು ಎತ್ತಿ ಹಿಡಿಯುವ ಸಾಹಸ ಸಲ್ಲದು. ಸಾರುವೆ ಕಟ್ಟಿಸಬೇಕು, ಕನಿಷ್ಠ ಇಬ್ಬರು ಇರಬೇಕು. ಏಣಿಯನ್ನು ಬಳಸುವಲ್ಲಿ, ಪ್ರತಿ 4 ಅಡಿ ಎತ್ತರಕ್ಕೆ ಅದರ ಬುಡ 1 ಅಡಿ ಹೊರಗಿರಬೇಕು. ಹಳೆಯ ಮನೆಗಳಲ್ಲಿ ವಿದ್ಯುತ್ ಸಂಪರ್ಕದ ತಂತಿ ಸೂರಿನ ಬಳಿಯಲ್ಲೇ ಒಳಬರುತ್ತದೆ. ಮೀಟರಿನ ಸ್ವಿಚ್ ಆರಿಸಿದರೂ ಆ ತಂತಿಯಲ್ಲಿ ವಿದ್ಯುತ್ ಇರುತ್ತದೆಯಾದ್ದರಿಂದ ವಿದ್ಯುತ್ ಕಂಪೆನಿಯ ಸಿಬ್ಬಂದಿಯಿಂದಲೇ ಸಂಪರ್ಕ ತಪ್ಪಿಸಿಕೊಳ್ಳಬೇಕು.

ಹಳೆಯ ಬಣ್ಣವನ್ನು ಉಜ್ಜುವಾಗಲೂ ಎಚ್ಚರ ಅಗತ್ಯ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು. ಒಣಗಿದಂತೆಯೇ ಉಜ್ಜದೆ ನೀರು ಚಿಮುಕಿಸಿ ಉಜ್ಜಬೇಕು, ಮೂಗು, ಬಾಯಿ ಮುಚ್ಚಿಕೊಂಡಿರಬೇಕು, ಮಕ್ಕಳನ್ನು ದೂರವಿಡಬೇಕು.

ತೆಗೆಯುವ ಕ್ರಮ

ಕೆಳಗಿನ ಎರಡು ಸಾಲು ಹಂಚುಗಳನ್ನು ಇಳಿಸಿ, ಸಾಲಿನ ಕ್ರಮದಲ್ಲೇ ಜೋಡಿಸಿಡಬೇಕು. ಹಳೆಯ ಹಂಚುಗಳ ಅಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆಯಾಗಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದಿರಬಹುದು. ದೋಣಿ ಇದ್ದಲ್ಲಿ ಬಿಚ್ಚಿ ಇಳಿಸಬೇಕು.

ಹಲಗೆಯನ್ನು ಕೀಳುವ ಮೊದಲು ಅದರ ಮೇಲಂಚು ಪಕ್ಕಾಸಿನ ಮೇಲ್ಮೈಗಿಂತ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮೂರು ನಾಲ್ಕು ಕಡೆ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು. ಈ ಅಳತೆಯ ಮಹತ್ವ ಮುಂದೆ ತಿಳಿಯುತ್ತದೆ. ಹಲಗೆಯ ಅಡಿಯಂಚಿನಲ್ಲಿ ಹೂವು, ಅಲೆಗಳ ಕೊರೆತವಿದ್ದರೆ ಚೆನ್ನಾಗಿರುವ ಒಂದು ತುಂಡನ್ನು ಮಾದರಿಗಾಗಿ ತೆಗೆದಿರಿಸಬೇಕು. ಕೊರೆತ ಒಮ್ಮೆ ಕಸದ ಪಾಲಾದರೆ ಅದನ್ನು ನೆನಪಿನಿಂದ ಬಿಡಿಸಲಾಗದು.

ಹಲಗೆ ಇಳಿದ ಮೇಲೆ ಪಕ್ಕಾಸುಗಳ ತುದಿಗಳನ್ನೂ ಚುಚ್ಚಿ ನೋಡಬೇಕು. ತುದಿ ಮೆತ್ತಗಾಗಿದ್ದರೆ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಅಳತೆಯ ಹೊಸ ಮರವನ್ನು ಹಳೆಯ ಪಕ್ಕಾಸಿನ ಮಗ್ಗುಲಿಗೆ ಬೋಲ್ಟು ಹಾಕಿ ಕೂಡಿಸಬೇಕು. ಹೊರಚಾಚು 2 ಅಡಿಯಿದ್ದರೆ ಈ ಜೊತೆಮರ ಗೋಡೆಯಿಂದ ಒಳಕ್ಕೆ ಕನಿಷ್ಠ 4 ಅಡಿ ಇರಬೇಕು. ಕೊಳೆತ ಪಕ್ಕಾಸಿಗೆ ಹೊಸ ಹಲಗೆ ಹೊಡೆಯುವುದು ಹಣ ಪೋಲು ಮಾಡಿದಂತೆ. ಮೊಳೆಗೆ ಅಲ್ಲಿ ಹಿಡಿತವೇ ಇರುವುದಿಲ್ಲ.

ಬಳಿಕ ಎರಡು ಕೊನೆಯ ಪಕ್ಕಾಸುಗಳ ನಡುವೆ ನೂಲು ಎಳೆದು ಕಟ್ಟಬೇಕು. ನೂಲಿನಿಂದ ಹೊರಬಂದ ತುದಿಗಳನ್ನು ಗರಗಸದಿಂದ ಸವರಿ, ಒಳಸರಿದವಕ್ಕೆ ತೆಳು ಚಕ್ಕೆ ಕೊಟ್ಟು ಎಲ್ಲವನ್ನೂ ಒಂದೇ ಗೆರೆಗೆ ತರಬೇಕು.

ಜೋಡಣೆಯ ವಿಧಾನ

ಸಂದು ಎಲ್ಲಿ ಬರಬೇಕು ಎಂಬುದೇ ಮೊದಲ ಪ್ರಶ್ನೆ. ಸಂದು ಯಾವಾಗಲೂ ಪಕ್ಕಾಸಿನ ತುದಿಯ ಮೇಲೆಯೇ ಬರಬೇಕು, ಎರಡು ಪಕ್ಕಾಸುಗಳ ನಡುವಿನ ಖಾಲಿ ಜಾಗದಲ್ಲಿ ಅಲ್ಲ. ಪಕ್ಕಾಸುಗಳ ಅಂತರ 2 ಅಡಿಯಿದ್ದರೆ 10 ಅಡಿಯ ಹಲಗೆ ಸರಿಯಾಗಿ ಐದನೆಯ ಅಂತರದ ಕೊನೆಗೆ ಮುಗಿಯುತ್ತದೆ. ಅಂತರ ಒಂದೂಮುಕ್ಕಾಲು ಅಡಿಯಿದ್ದರೆ ಅದೇ ಹಲಗೆಯ ತುದಿಗೆ ಆಸರೆ ಸಿಗುವುದಿಲ್ಲ. ಆಗ ಎಂಟೂಮುಕ್ಕಾಲು ಅಡಿಗೆ ಕತ್ತರಿಸಬೇಕಾಗುತ್ತದೆ. ಹಲಗೆ ಕೊಳ್ಳುವ ಮೊದಲೇ ಈ ಅಂತರವನ್ನು ಅಳೆಯುವುದು ಲಾಭದಾಯಕ.

ಪಕ್ಕಾಸಿನ ತುದಿ 2 ಇಂಚಿನಷ್ಟೇ ಅಗಲವಿದ್ದರೆ ಎರಡು ಹಲಗೆಗಳ ಮೊಳೆಗಳಿಗೆ ಅಲ್ಲಿ ಜಾಗ ಸಾಲದು. ಮೇಲಾಗಿ, ಕತ್ತರಿಸಿದ ತುದಿಯಲ್ಲಿ ಎಳೆಗಳ ಉದ್ದಕ್ಕೆ ಇಳಿದ ಮೊಳೆಗೆ ಹಿಡಿತ ಕಡಿಮೆ. ಇದಕ್ಕೆ ಪರಿಹಾರವೆಂದರೆ, ಸಂದು ಬರುವ ಪಕ್ಕಾಸಿನ ಎರಡೂ ಮಗ್ಗುಲಿಗೆ ಒಂದಡಿ ಉದ್ದದ ಜೊತೆತುಂಡುಗಳನ್ನು ಗಟ್ಟಿಯಾಗಿ ತಿರುಪಿ, ಹಲಗೆಗೆ ಅಗಲವಾದ ಆಸರೆ ಒದಗಿಸುವುದು.

ಜೋಡಣೆಯಲ್ಲಿ ಮೂರು ಬಗೆಗಳು ರೂಢಿಯಲ್ಲಿವೆ.

ನೇರ ಜೋಡಣೆ: ಎರಡೂ ತುದಿಗಳನ್ನು ಚೌಕವಾಗಿ ಕತ್ತರಿಸಿ ತಾಗಿಸುವುದು. ಕೆಲಸ ಸುಲಭ, ಬಾಳಿಕೆ ಕಡಿಮೆ. ಮರ ಸ್ವಲ್ಪ ಸರಿದರೂ ಸಂದು ನೇರವಾಗಿ ಬಾಯಿ ತೆರೆದು ಪಕ್ಕಾಸಿನ ತುದಿಗೆ ನೀರು ಬಿಡುತ್ತದೆ.

ಅರ್ಧಕಚ್ಚು ಜೋಡಣೆ: ಎರಡೂ ಹಲಗೆಗಳ ತುದಿಯನ್ನು 3 ಇಂಚಿನಷ್ಟು ಉದ್ದಕ್ಕೆ ಅರ್ಧ ದಪ್ಪ ಉಳಿಸಿ ಕೆತ್ತಿ, ಒಂದರ ಮೇಲೊಂದು ಕೂರಿಸುವುದು. ಭದ್ರವಾದರೂ, ತೆಳುವಾದ ಭಾಗ ಬಿಸಿಲಿಗೆ ಸೀಳುವ ಸಂಭವವಿದೆ. 1 ಇಂಚಿಗಿಂತ ದಪ್ಪದ ಹಲಗೆಗೆ ಇದು ಒಪ್ಪುತ್ತದೆ.

ಓರೆ ಜೋಡಣೆ: ಎರಡೂ ತುದಿಗಳನ್ನು ದಪ್ಪದ ಗುಂಟ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಮಲಗಿಸುವುದು. 1 ಇಂಚು ದಪ್ಪದ ಹಲಗೆಗೆ 2 ಇಂಚು ಉದ್ದದ ಓರೆ ಸಾಕು. ಹಲಗೆ ಸ್ವಲ್ಪ ಸರಿದರೂ ಹಿಂದೆ ಮರವೇ ಇರುವುದರಿಂದ ನೀರಿಗೆ ನೇರ ದಾರಿ ಇಲ್ಲ. ಸೂರಿನ ಹಲಗೆಗೆ ಇದೇ ಸೂಕ್ತ. ಪ್ರತಿ ಓರೆಗೆ 2 ಇಂಚು ಉದ್ದ ಹೆಚ್ಚುವರಿ ಬೇಕೆಂಬುದನ್ನು ಅಳತೆಯಲ್ಲಿ ಸೇರಿಸಿಕೊಳ್ಳಬೇಕು.

ಓರೆಯ ದಿಕ್ಕೂ ಮುಖ್ಯ. ನೈರುತ್ಯ ಮಾರುತ ಬೀಸಿ ಬರುವ ಕಡೆಯ ಹಲಗೆ ಹೊರಗಿದ್ದು, ಅದು ಇನ್ನೊಂದರ ತುದಿಯನ್ನು ಮುಚ್ಚುವಂತಿರಬೇಕು. ಪಶ್ಚಿಮಕ್ಕೆ ಮುಖವಾದ ಸೂರಿನಲ್ಲಿ ದಕ್ಷಿಣದ ಹಲಗೆ ಉತ್ತರದ ಹಲಗೆಯ ಮೇಲೆ ಬರಬೇಕು. ಹೀಗೆ ಮಾಡಿದಾಗ ಗಾಳಿ ತಳ್ಳುವ ನೀರು ಸಂದಿನ ಬಾಯಿಯನ್ನು ದಾಟಿಹೋಗುತ್ತದೆ. ತದ್ವಿರುದ್ಧವಾದರೆ ಗಾಳಿಯೇ ನೀರನ್ನು ಒಳಕ್ಕೆ ನುಗ್ಗಿಸುತ್ತದೆ. ಮನೆಯ ಮೂಲೆಯಲ್ಲಿ ಎರಡೂ ಹಲಗೆಗಳನ್ನು 45 ಡಿಗ್ರಿಗೆ ಕತ್ತರಿಸಿ ಕೂಡಿಸಿ, ಒಳಗಡೆ ಒಂದು ಚೌಕದ ತುಂಡಿಟ್ಟು ಎರಡಕ್ಕೂ ತಿರುಪು ಹಾಕಬೇಕು.

ಕೂರಿಸುವ ಮೊದಲು ಕತ್ತರಿಸಿದ ಪ್ರತಿಯೊಂದು ತುದಿಗೂ ಪ್ರೈಮರನ್ನು ಎರಡು ಕೈ ಬಳಿಯತಕ್ಕದ್ದು. ಮೊದಲ ಕೈ ಪೂರ್ತಿ ಹೀರಿಹೋಗುತ್ತದೆ, ಎರಡನೆಯದು ನಿಲ್ಲುತ್ತದೆ. ಹಲಗೆಯ ಹಿಂಬದಿಗೂ ಪ್ರೈಮರ್ ಬೇಕು. ಒಮ್ಮೆ ಕೂರಿಸಿದರೆ ಅಲ್ಲಿಗೆ ಮತ್ತೆ ಕೈ ಹೋಗುವುದಿಲ್ಲ. ಸಂದಿಗೆ ಅಂಟು ಹಾಕುವುದಾದರೆ ನೀರಿಗೆ ನಿಲ್ಲುವ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಅಂಟನ್ನೇ ಬಳಸಬೇಕು. ಮನೆಯೊಳಗಿನ ಪೀಠೋಪಕರಣಗಳಿಗೆ ಹಾಕುವ ಸಾಮಾನ್ಯ ಬಿಳಿ ಅಂಟು ಒಂದೇ ಮಳೆಗಾಲದಲ್ಲಿ ಬಿಡಬಹುದು.

ಕೂರಿಸುವಾಗ

ಹಲಗೆಯ ತುದಿಯಲ್ಲಿ ಕಾಣುವ ಉಂಗುರಗಳ ಉಬ್ಬು ಪಕ್ಕಾಸಿನ ಕಡೆಗಿರಲಿ. ಹಾಗಿದ್ದರೆ ಹಲಗೆ ಒಣಗಿ ಬಾಗಿದಾಗ ಅದರ ಅಂಚುಗಳು ಪಕ್ಕಾಸಿಗೇ ಒತ್ತಿಕೊಳ್ಳುತ್ತವೆ.

ಮೊದಲು ಬರೆದಿಟ್ಟ ಎತ್ತರದ ಅಳತೆ ಈಗ ಬೇಕಾಗುತ್ತದೆ. ಮೇಲಿನ ಸಾಲುಗಳ ಹಂಚಿಗೆ ಕೆಳಗಿನ ಸಾಲಿನ ಹಂಚೇ ಆಸರೆ. ಕೊನೆಯ ಸಾಲಿಗೆ ಆ ಆಸರೆ ಇಲ್ಲ. ಅದರ ಬದಲಿಗೆ ಹಲಗೆಯ ಮೇಲಂಚು ಹಂಚಿನ ದಪ್ಪದಷ್ಟು ಎತ್ತರದಲ್ಲಿದ್ದು ಅದನ್ನು ಹೊರಬೇಕು. ಹಲಗೆ ತಗ್ಗಿದರೆ ಕೊನೆಯ ಹಂಚು ಕೆಳಮುಖವಾಗಿ ಜಾರುತ್ತದೆ. ಹೆಚ್ಚು ಎತ್ತರವಾದರೆ ಹಂಚಿನ ಇಳಿಜಾರು ಕಡಿಮೆಯಾಗಿ ನೀರು ಹಿಂದಕ್ಕೆ ಸರಿಯುತ್ತದೆ. ಹಂಚಿನ ತುದಿ ಹಲಗೆಯಿಂದ 2 ಇಂಚಿನಷ್ಟು ಹೊರಚಾಚಿರಬೇಕು.

ಪ್ರತಿ ಪಕ್ಕಾಸಿಗೆ 3 ಇಂಚಿನ ಎರಡು ತಿರುಪುಮೊಳೆಗಳು ಬೇಕು. ಕಬ್ಬಿಣದ್ದು ತುಕ್ಕು ಹಿಡಿದು ಮರವನ್ನು ಕಪ್ಪಾಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ತಿರುಪಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ, ಕಡಲ ಗಾಳಿಯಿರುವಲ್ಲಿ ಅದು ಅವಶ್ಯವೇ. ಗಟ್ಟಿ ಮರ ಸೀಳದಂತೆ ಮೊದಲು ತೂತು ಕೊರೆಯಬೇಕು. ಹಲಗೆಯ ಅಡಿಯಂಚಿನ ತಳದಲ್ಲಿ, ಹೊರಮುಖಕ್ಕೆ ಸಮೀಪವಾಗಿ ಕಾಲು ಇಂಚಿನ ತೋಡು ಕೊರೆದರೆ ನೀರು ಹಿಂದಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ದೋಣಿ ಕಟ್ಟುವುದಾದರೆ 10 ಅಡಿಗೆ ಅರ್ಧ ಇಂಚಿನ ಇಳಿಜಾರು ಇರಲಿ.

ಬಣ್ಣವೋ, ಎಣ್ಣೆಯೋ?

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆಯನ್ನು ಮರಕ್ಕೆ ಬಳಿಯುವುದು ಕರಾವಳಿಯ ಹಳೆಯ ಪದ್ಧತಿ. ಹುಳ ಹಾಗೂ ತೇವ ಎರಡನ್ನೂ ಅದು ತಡೆಯುತ್ತದೆ. ಆದರೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆಯಾದ್ದರಿಂದ ಕೈಗವಸು ಧರಿಸುವುದು ಕಡ್ಡಾಯ. ಅದರ ಮೇಲೆ ಬಣ್ಣ ಸರಿಯಾಗಿ ಹಿಡಿಯುವುದೂ ಇಲ್ಲ. ಆದುದರಿಂದ ಎಣ್ಣೆ ಅಥವಾ ಬಣ್ಣ, ಒಂದನ್ನೇ ಆರಿಸಿಕೊಳ್ಳಬೇಕು. ಬೋರಾಕ್ಸ್ ದ್ರಾವಣ ಹುಳಕ್ಕೆ ಒಳ್ಳೆಯ ಮದ್ದಾದರೂ ಮಳೆಗೆ ತೊಳೆದುಹೋಗುವುದರಿಂದ ಅದರ ಮೇಲೆ ಬಣ್ಣ ಇರಲೇಬೇಕು.

ಸಿಮೆಂಟ್ ನಾರಿನ ಹಲಗೆ, ಪಿವಿಸಿ ಹಲಗೆಗಳೂ ಈಗ ದೊರೆಯುತ್ತವೆ. ಅವು ಕೊಳೆಯುವುದಿಲ್ಲ ನಿಜ. ಆದರೆ ಹಿಂದಿನ ಪಕ್ಕಾಸು ಮರದ್ದೇ. ಕೊಳೆತ ಹಲಗೆಯನ್ನು ತೆಗೆಯದೆ ಅದರ ಮೇಲೆ ತಗಡನ್ನೋ ಪಿವಿಸಿಯನ್ನೋ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ತೇವ ಒಳಗೇ ಉಳಿದು, ಕೊಳೆ ಕಣ್ಣಿಗೆ ಬೀಳದಂತೆ ಮಾಡಿನತ್ತ ಏರುತ್ತದೆ.

ಕೆಲಸ ಮುಗಿದ ಮೇಲೂ ವರ್ಷಕ್ಕೆ ಎರಡು ಬಾರಿ, ಮಳೆಗೆ ಮೊದಲೊಮ್ಮೆ ಮತ್ತು ಮಳೆ ಮುಗಿದ ಬಳಿಕ ಒಮ್ಮೆ, ಸಂದುಗಳನ್ನು ಚುಚ್ಚಿ ನೋಡುವ ಅಭ್ಯಾಸವಿರಲಿ. ಬಣ್ಣ ಬಿರಿದ ಕಡೆ ಆಗಲೇ ಒಂದು ಕೈ ಪ್ರೈಮರ್ ಸವರಿದರೆ ಹಲಗೆಯ ಆಯುಷ್ಯ ಹೆಚ್ಚುತ್ತದೆ. ಬಡಗಿಯನ್ನು ಕರೆಸಿದಾಗ ಮನೆಯವರು ಕೇಳಬೇಕಾದ ಪ್ರಶ್ನೆಗಳು ಮೂರೇ: ಸಂದು ಪಕ್ಕಾಸಿನ ಮೇಲೆ ಬರುತ್ತದೆಯೇ, ಓರೆ ಗಾಳಿಗೆ ಬೆನ್ನು ಮಾಡಿದೆಯೇ, ಕತ್ತರಿಸಿದ ತುದಿಗೆ ಪ್ರೈಮರ್ ಬಿದ್ದಿದೆಯೇ. ಹಲಗೆ ಮೇಲೇರುವ ಮೊದಲೇ ಈ ಮೂರಕ್ಕೂ ಹೌದೆಂಬ ಉತ್ತರ ಪಡೆದುಕೊಳ್ಳುವುದು ಉಚಿತ. ಮೇಲೇರಿದ ನಂತರ ತುದಿಗಳು ಕಾಣುವುದಿಲ್ಲ.